ಅಜ್ಜಿ ಬೇರೆ ಎತ್ತಿಟ್ಟ ದೊಡ್ಡ ಸಿಗಡಿ

ನಾನು ಚಿಕ್ಕವನಿದ್ದಾಗ ನಮ್ಮದು ಬೊಂಬಾಯಿಯ ವಿಲೆ ಪಾರ್ಲೆಯ ಚಾಳಿನಲ್ಲಿ ಒಂದೇ ಕೋಣೆಯ ಮನೆ. ಅಪ್ಪ ಮಾಟುಂಗದ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದರು. ವಾರವಿಡೀ ಸಾಂಬಾರಿನ ಘಮದಲ್ಲೇ ಇರುತ್ತಿದ್ದ ಅವರಿಗೆ ರಜೆಯ ದಿನ ಮೀನಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಪ್ಪನ ತಾಯಿ, ನನ್ನ ಅಜ್ಜಿ, ಕುಂದಾಪುರದ ಕಡೆಯ ಹೊಳೆಬದಿಯ ಊರಿನಿಂದ ನಮ್ಮ ಜೊತೆ ಇರಲು ಬಂದರು. ನಾನು ಅವರ ಮಗ್ಗುಲಲ್ಲೇ ಮಲಗುತ್ತಿದ್ದೆ. ಅವರ ಸೀರೆಯ ತುಂಬ ವೀಳ್ಯದೆಲೆಯ ವಾಸನೆ. ಆದರೆ ಅಜ್ಜಿಗೆ ಬೊಂಬಾಯಿ ಒಗ್ಗಲಿಲ್ಲ. ನಳ ತಿರುಗಿಸಿದರೆ ನೀರು, ಗಿರಣಿಗೆ ಕೊಟ್ಟರೆ ಹಿಟ್ಟು. ಜೀವಮಾನವಿಡೀ ದುಡಿದ ಕೈಗೆ ಇಲ್ಲಿ ಕೆಲಸವೇ ಇರಲಿಲ್ಲ. ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಏಳುತ್ತಿದ್ದರು.

"ನನ್ನ ಹಡ್ಗ್ ಹತ್ಸಿ ಬಿಡ್ ಮಗಾ. ಇಲ್ ನಂಗ್ ಮಾಡುಕೆ ಎಂತ ಇತ್ತ್?" ಎಂದರು ಒಂದು ದಿನ.

ಅಪ್ಪ ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು. ಮಳೆಗಾಲದಲ್ಲಿ ಊರಿನ ಕಡೆಗೆ ಹಡಗು ಓಡುತ್ತಿರಲಿಲ್ಲ. ಅದಕ್ಕೆ ಮೊದಲಿನ ಕೊನೆಯ ಹಡಗು ಮುಂದಿನ ವಾರವೇ ಇತ್ತು. ಅಜ್ಜಿ ಹೋಗಿಬಿಟ್ಟರೆ ಎಂಬ ಯೋಚನೆಗೇ ನನಗೆ ಅಳು ಬರುತ್ತಿತ್ತು.

"ಹೋಪುಕ್ ಮುಂಚೆ ಅಬ್ಬಿಗೆ ಒಳ್ಳೆ ಚಟ್ಲಿ ತಿನ್ಸುವ," ಎಂದರು ಅಪ್ಪ. ನಮ್ಮ ಕಡೆ ತಾಯಿಗೆ ಅಬ್ಬಿ, ಸಿಗಡಿಗೆ ಚಟ್ಲಿ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ಲೋಕಲ್ ಹತ್ತಿ ಅಪ್ಪ, ಅಜ್ಜಿ, ನಾನು ಮೂವರೂ ಬಾಂದ್ರಾದ ಮೀನು ಮಾರ್ಕೆಟ್ಟಿಗೆ ಹೋದೆವು.

ಒದ್ದೆ ನೆಲ, ಉಪ್ಪು ವಾಸನೆ, ಕಿವಿ ಕಿವುಡಾಗುವ ಗದ್ದಲ. ಮನೆಯಲ್ಲಿ ಮಂಕಾಗಿ ಕೂತಿರುತ್ತಿದ್ದ ಅಜ್ಜಿ ಅಲ್ಲಿ ಬೇರೆಯೇ ಆದರು. ಸೆರಗು ಸಿಕ್ಕಿಸಿ ಒಬ್ಬ ಮೀನಿನವಳ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟರು. ಸಿಗಡಿಯ ತಲೆ ಮೈಗೆ ಬಿಗಿಯಾಗಿ ಅಂಟಿರಬೇಕು, ಚಿಪ್ಪು ಮಿನುಗಬೇಕು, ಒತ್ತಿದರೆ ಗಟ್ಟಿ ಇರಬೇಕು. ತಲೆ ಕಪ್ಪಾಗಿ ಜೋತು ಬಿದ್ದಿದ್ದರೆ ಅದು ಹಳೆಯ ಮಾಲು ಎಂದು ನನ್ನ ಕೈಯಿಂದಲೇ ಒತ್ತಿಸಿ, ಮೂಸಿಸಿ ಕಲಿಸಿದರು.

"ಆಜೀ, ಏಕದಮ್ ತಾಜೀ ಆಹೇ!" ಎಂದಳು ಮೀನಿನವಳು.

"ನಂಗ್ ಹೇಳ್ಕೊಡ್ತ್ಯಾ? ನಾ ಹೊಳಿ ಬದಿಯಂಗೇ ಹುಟ್ಟಿದ್ದ್!" ಎಂದರು ಅಜ್ಜಿ. ಅವಳಿಗೆ ಕನ್ನಡ ಬಾರದು, ಇವರಿಗೆ ಮರಾಠಿ ಬಾರದು. ಇಬ್ಬರ ಜಗಳ ಮಾತ್ರ ಸರಾಗವಾಗಿ ನಡೆಯಿತು.

ಉಗುರಿನಷ್ಟು ಸಣ್ಣ ಜವಳಾ, ಬೆರಳುದ್ದದ ಬಿಳಿ ಸಿಗಡಿ, ಮೈಮೇಲೆ ಪಟ್ಟೆ ಪಟ್ಟೆಯ ದೊಡ್ಡ ಸಿಗಡಿ, ಮೂರನ್ನೂ ಕೊಂಡೆವು. ದೊಡ್ಡದು ಬೇಕೇ ಬೇಕೆಂದು ಹಟ ಹಿಡಿದವರು ಅಪ್ಪ.

ಮನೆಗೆ ಬಂದು ಅಜ್ಜಿ ಬಿಳಿ ಸಿಗಡಿಯನ್ನು ಸುಲಿದು, ಬೆನ್ನಿನ ಕಪ್ಪು ನರ ಎಳೆದರು. ಅಮ್ಮ ತೆಂಗಿನಕಾಯಿ, ಕೆಂಪು ಮೆಣಸು, ಕೊತ್ತಂಬರಿ ಅರೆದುಕೊಟ್ಟರು. ಜವಳಾವನ್ನು ಈರುಳ್ಳಿ ಜೊತೆ ಗರಿಗರಿ ಹುರಿದದ್ದಾಯಿತು. ಬಿಳಿ ಸಿಗಡಿಗೆ ಮಾಟುಂಗದಿಂದ ತಂದಿದ್ದ ಮಂಗಳೂರು ಸೌತೆಕಾಯಿ ಹಾಕಿ ಗಸಿ ಎಂಬ ಗಟ್ಟಿ ಸಾರು ಕುದಿಯಿತು. ಘಮಕ್ಕೆ ಪಕ್ಕದ ಮನೆಯವರೂ ಗ್ಯಾಲರಿಗೆ ಬಂದು ಇಣುಕಿದರು.

ಊಟಕ್ಕೆ ಕೂತಾಗ ಅಪ್ಪ ಪಾತ್ರೆಗಳನ್ನು ನೋಡಿ, "ಅಬ್ಬಿ, ದೊಡ್ಡ ಚಟ್ಲಿ ಎಲ್ಲಿ?" ಎಂದು ಕೇಳಿದರು.

ಅಜ್ಜಿ ಮೂಲೆಯಲ್ಲಿ ಮುಚ್ಚಿಟ್ಟಿದ್ದ ಬೋಗುಣಿ ತೋರಿಸಿದರು. "ಅದ್ ಮಾರುಕಿಪ್ಪುದ್ ಅಲ್ದಾ?"

ನಾವೆಲ್ಲ ಘೊಳ್ಳೆಂದು ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ. ಊರಿನಲ್ಲಿ ನಮ್ಮವರ ಬಲೆಗೆ ಬಿದ್ದ ದೊಡ್ಡ ಸಿಗಡಿಯೆಲ್ಲ ಸಂತೆಗೆ, ಸಣ್ಣದು ಮಾತ್ರ ಮನೆಗೆ. ಅಜ್ಜಿ ಒಂದು ದೊಡ್ಡ ಸಿಗಡಿಯನ್ನೂ ಬಾಯಿಗಿಟ್ಟವರಲ್ಲ. ಅವರ ಕೈ ತನ್ನಷ್ಟಕ್ಕೇ ದೊಡ್ಡದನ್ನು ಬೇರೆ ಮಾಡಿತ್ತು.

"ಇಲ್ ಯಾರಿಗೂ ಮಾರುಕಿಲ್ಲೆ ಅಬ್ಬಿ. ಎಲ್ಲ ನಮ್ದೇ," ಎಂದು ಅಪ್ಪ ಎದ್ದರು. ದೊಡ್ಡ ಸಿಗಡಿಯನ್ನು ಸುಲಿದು, ಉಪ್ಪು, ಹುಳಿ, ಮೆಣಸಿನ ಪುಡಿ ಸವರಿ ದೋಸೆಯ ಕಾವಲಿಯ ಮೇಲೆ ತಾವೇ ಹುರಿದರು. ಸಿಗಡಿ ಚುರ್ರೆಂದು ಕೆಂಪಾಗಿ ಮುದುಡಿತು. ಮೊದಲನೆಯದನ್ನು ಅಜ್ಜಿಯ ತಟ್ಟೆಗೆ ಹಾಕಿದರು.

ಅಜ್ಜಿ ನಿಧಾನವಾಗಿ ಅಗಿದರು. ಕಣ್ಣು ತುಂಬಿತು, ಖಾರಕ್ಕೆ ಎಂದರು. "ಇಷ್ಟ್ ವರ್ಷ ಇದನ್ನೆಲ್ಲ ಊರವ್ರಿಗೇ ತಿನ್ಸಿದ್ನಲ್ಲ ಮಾರಾಯಾ!" ಎಂದು ನಕ್ಕರು. ತಟ್ಟೆ ಖಾಲಿಯಾಯಿತು. ಕೈ ತೊಳೆಯುವಾಗ ನನ್ನ ಕಿವಿಯಲ್ಲಿ, "ಬಪ್ಪ ಆದಿತ್ಯವಾರವೂ ಮಾರ್ಕೆಟ್ಟಿಗೆ ಹೋಪ," ಎಂದರು. ಆ ಹಡಗು ಅಜ್ಜಿಯಿಲ್ಲದೆ ಹೋಯಿತು. ನಾನು ಚಾಳಿಡೀ ಕುಣಿದೆ.

ಈಗ, ಮೊಮ್ಮಕ್ಕಳೇ, ನಿಮ್ಮ ಮನೆಗೆ ಸಿಗಡಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಎಲ್ಲ ಒಂದೇ ಅಳತೆ. ತಲೆಯೇ ಇಲ್ಲದ್ದರಲ್ಲಿ ತಲೆ ಬಿಗಿಯಾಗಿದೆಯೇ ಎಂದು ನೋಡುವುದು ಹೇಗೆ ಹೇಳಿ! ಆದರೂ ಒಂದು ತುಸು ದೊಡ್ಡದು ಕಂಡರೆ ಸಾಕು, "ಅಜ್ಜಾ, ಬಡಾವಾಲಾ ಮೇರಾ!" ಎಂದು ಕಿತ್ತಾಡುತ್ತೀರಿ. ನಿಮ್ಮಮ್ಮ ಗದರುತ್ತಾಳೆ, ನಾನು ಗದರುವುದಿಲ್ಲ. ನನ್ನ ಅಪ್ಪ ನಿಮ್ಮಷ್ಟಿದ್ದಾಗ ದೊಡ್ಡ ಸಿಗಡಿಯ ಬುಟ್ಟಿ ಸಂತೆಗೆ ಹೋಗುವುದನ್ನು ಬಾಯಿ ಮುಚ್ಚಿ ನೋಡುತ್ತಿದ್ದವರು. ಜೋರಾಗಿ ಕೇಳಿ ಮಕ್ಕಳೇ, ಜಗಳವನ್ನೂ ಆಡಿ. ಮೊದಲನೆಯದನ್ನು ಮಾತ್ರ ನಿಮ್ಮ ಅಜ್ಜಿಯ ತಟ್ಟೆಗೆ ಹಾಕಿ.