ಗಾಡಿ ರಿಪೇರಿ ಆದ ಮೇಲೆ

ಕ್ವಾಕು ಬಾದು ಕೆಟ್ಟವನಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಅವನನ್ನ ಬಾಯಿಗೆ ಬಂದ ಹಾಗೆ ಬೈಯೋಳಿದೀನಿ.

ನಾನು ಸೆರ್ವಾ. ಕುಮಾಸಿಯ ಸುವಾಮೆ ಗ್ಯಾರೇಜು ಪೇಟೇಲಿ ಫಿಟ್ಟರ್ ಇದ್ರಿಸುವಿನ ಶೆಡ್ಡಿನ ಎದುರು ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಕೆಂಕಿ ಉಂಡೆ, ಕರಿದ ಮೀನು ಮಾರ್ತೀನಿ. ಡ್ರೈವರುಗಳೆಲ್ಲ ಸೆರ್ವಕ್ಕ ಅಂತಾರೆ, ಕ್ವಾಕುವೂ ಅವರಲ್ಲೊಬ್ಬ. ಕ್ವಾಕುವಿನ ಕಡೆಯವರೆಲ್ಲ ದೂರದ ಕೋಕೋ ತೋಟಗಳಲ್ಲಿ ಚದುರಿ ಹೋಗಿದಾರೆ. ಹಾಗಾಗಿ ಈ ಊರಲ್ಲಿ ಅವನಿಗೆ ಅಕ್ಕ ಅಂತ ಇರೋದು ನಾನೇ.

ಅವನ ವ್ಯಾನು ಯೂರೋಪಿನಲ್ಲಿ ಯಾವುದೋ ಸಂಸಾರ ಓಡಿಸಿ, ಸಾಕಪ್ಪ ಸಾಕು ಅಂತ ಹಡಗು ಹತ್ತಿಸಿದ್ದು. ಹಿಂದಿನ ಗಾಜಿನ ಮೇಲೆ ಅಲ್ಲಿಯ ಭಾಷೆಯ ಸ್ಟಿಕ್ಕರು, ನಮಗ್ಯಾರಿಗೂ ಓದಕ್ಕೆ ಬರಲ್ಲ. ಕಿತ್ತು ಹಾಕೋ ಅಂದ್ರೆ, "ಅಯ್ಯೋ ಅಕ್ಕ, ಅದಿದ್ರೇನೇ ವಿಲಾಯ್ತಿ ಮಾಲು ಅಂತ ಜನ ನಂಬೋದು" ಅಂತಿದ್ದ. ಒಳಗೆ ಇನ್ನೊಂದು ಬೆಂಚು ಬೆಸುಗೆ ಹಾಕಿಸಿ ಬಾಡಿಗೆಗೆ ಓಡಿಸಿದ. ಅವನ ಹೆಂಡತಿ ಅಫಿಯಾ ಅದನ್ನ ಸವತಿ ಅಂತಲೇ ಕರೀತಿದ್ದಳು. ನಗ್ತಾನೇ ಕರೀತಿದ್ದಳು, ಆಗ.

ಅಫಿಯಾಳ ತಾಯಿ ತೀರಿಕೊಂಡಾಗ ಅವಳು ಮೊದಲೇ ತವರೂರು ಬೆಚೆಮ್‌ಗೆ ಹೋದಳು. ನಮ್ಮಲ್ಲಿ ಅತ್ತೆಯ ಹೆಣದ ಜೊತೆ ಇಡೋ ಬಟ್ಟೆ, ದಿಂಬು ಎಲ್ಲ ಅಳಿಯನೇ ಕೈಯಾರೆ ತಂದು ಒಪ್ಪಿಸಬೇಕು. ಕ್ವಾಕು ಅಂಥಾ ಒಳ್ಳೇ ಬಟ್ಟೆ ಕೊಂಡಿದ್ದ, ನಾನೇ ಆರಿಸಿಕೊಟ್ಟಿದ್ದೆ. ಗಂಟು ಕಟ್ಟಿ ವ್ಯಾನಲ್ಲಿಟ್ಟು ಹೊರಟ. ದಾರೀಲಿ ಮಂಕ್ರಾನ್ಸೋ ಹತ್ತಿರ ಇಂಜಿನ್ ಕುದಿದು ಹೊಗೆ ಎದ್ದಿತು. ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗಿತ್ತು.

ಕುದೀದೆ ಇನ್ನೇನಾಗುತ್ತೆ? ಇಂಜಿನ್ನಿನ ಬಿಸಿ ನೋಡಿಕೊಂಡು ನೀರು ಬಿಡೋ ಥರ್ಮೋಸ್ಟಾಟನ್ನ ಇದ್ರಿಸು ಎಂದೋ ಕಿತ್ತು ಬಿಸಾಕಿದ್ದ. ನಮ್ಮ ಫಿಟ್ಟರುಗಳೆಲ್ಲ ಹಾಗೇ. "ಅದು ಹಿಮ ಬೀಳೋ ದೇಶದವರಿಗೆ ಬೇಕು, ನಮ್ಮ ಸೆಕೆಗ್ಯಾಕೆ?" ಅಂತಾರೆ. ರೇಡಿಯೇಟರಿಗೆ ಇವನು ಹಾಕ್ತಿದ್ದಿದ್ದು ಬೋರಿನ ನೀರು, ಒಳಗೆಲ್ಲ ತುಕ್ಕು ಹಿಡಿದಿತ್ತು.

ಸರಿ, ಗಾಡಿ ಕೆಡ್ತು. ಕೈ ಅಡ್ಡ ಹಿಡಿದ್ರೆ ಬೆಚೆಮ್ ಕಡೆಯ ಗಾಡಿಗಳು ಒಂದರ ಹಿಂದೆ ಒಂದು ಸಿಗ್ತವೆ. ಗಂಟು ಎತ್ತಿಕೊಂಡು ಹತ್ತೋದಲ್ವಾ? ಇಲ್ಲ. ಬಿಟ್ಟುಹೋದ್ರೆ ಕಳ್ಳರು ಚಕ್ರ ಬಿಚ್ಚಿಕೊಂಡು ಹೋಗ್ತಾರೆ ಅಂತ ಈ ಮಹಾರಾಯ ವ್ಯಾನಿಗೆ ಕಾವಲು ಕೂತ! ಎಳಕೊಂಡು ಹೋಗೋ ಲಾರಿ ಬಂದಾಗ ಸಂಜೆ. ಅಷ್ಟರಲ್ಲಿ ಅತ್ತೆ ಮನೇಲಿ ಪಕ್ಕದ ಮನೆಯವರ ಬಟ್ಟೆ ಕೇಳಿ ತಂದು, ಸುತ್ತಿ, ಮಣ್ಣು ಮಾಡಿಬಿಟ್ಟಿದ್ದರು.

"ಅದರ ಜೊತೇಲಿ ಕೂತಿದ್ರಲ್ಲ, ಅದರ ಜೊತೇಲೇ ಇರಿ" ಅಂತ ಫೋನಲ್ಲಿ ಅಂದಳಂತೆ ಅಫಿಯಾ. ಕುಮಾಸಿಗೆ ಬರಲಿಲ್ಲ.

ಇಂಥಾ ತಪ್ಪಿಗೆ ನಮ್ಮಲ್ಲಿ ದಾರಿ ಇಲ್ಲ ಅಂತೇನಿಲ್ಲ. ಹಿರಿಯರೊಬ್ಬರನ್ನ ಜೊತೆಗೆ ಕರಕೊಂಡು, ಒಂದು ಬಾಟ್ಲಿ ಮದ್ಯ ಹಿಡಕೊಂಡು ಹೋಗಿ ಹೆಂಡತಿಯ ಮನೆಯವರ ಕಾಲು ಹಿಡೀಬೇಕು. "ನಡಿಯೋ, ನಾನು ಬರ್ತೀನಿ" ಅಂದೆ.

"ಗಾಡಿ ರಿಪೇರಿ ಆಗ್ಲಿ ಅಕ್ಕ. ಅದರಿಂದ್ಲೇ ಮಾನ ಹೋಗಿದ್ದು, ಅದರಲ್ಲೇ ಹೋಗಿ ಇಳೀಬೇಕು. ಡ್ರೈವರ್ ಆಗಿ ಕಂಡೋರ ಗಾಡಿ ಹಿಂದಿನ ಸೀಟಲ್ಲಿ ಕೂತು ಹೋದ್ರೆ ಅಫಿಯಾಳ ಸೋದರಮಾವ ನಗಲ್ವಾ?"

ಗ್ಯಾಸ್ಕೆಟ್ ಹಾಕಿಸಿದ, ಹೆಡ್ ಉಜ್ಜಿಸಿದ. ರೇಡಿಯೇಟರ್ ಬಂತು, ಅದೂ ಯಾರೋ ಬಳಸಿ ಬಿಟ್ಟಿದ್ದೇ. ಆಮೇಲೆ ಜಾರುಬಾಗಿಲು ಹಳಿ ಬಿಟ್ಟು ಕಳಚಿಕೊಂಡಿತು. ಮುಂದಿನ ಚಕ್ರದ ಬಾಲ್ ಜಾಯಿಂಟ್ ಕಟಕಟ ಅಂತಿತ್ತು. ಇಂಜಿನ್ ಎತ್ತು ಏರಿಗೆ ಎಳೆದ್ರೆ ಗೇರ್ ಬಾಕ್ಸ್ ಕೋಣ ನೀರಿಗೆ ಎಳೀತು. ಕೂಲಿ ಡ್ರೈವರಾಗಿ ಅವರಿವರ ಗಾಡಿ ಓಡಿಸಿ ದುಡಿದಿದ್ದೆಲ್ಲ ಇದರ ಹೊಟ್ಟೆಗೇ ಹೋಯ್ತು. ಮೂಗಿಗಿಂತ ಮೂಗುತಿ ಭಾರ ಕಣೋ, ಗುಜರಿಗೆ ಹಾಕಿಬಿಡು ಅಂದ್ರೆ ಮುಖ ಊದಿಸಿಕೊಂಡು ಮೀನೂ ಮುಟ್ಟದೆ ಎದ್ದು ಹೋದ.

"ಡ್ರೈವರೇ, ಮುಂದಿನ ವಾರ ಕುದುರೆ ಥರ ಓಡುತ್ತೆ" ಅಂತಿದ್ದ ಇದ್ರಿಸು, ಪ್ರತಿ ವಾರ.

ಅಫಿಯಾ ನನಗೆ ಫೋನ್ ಮಾಡ್ತಿದ್ದಳು. "ಸೆರ್ವಕ್ಕ, ಸರಿಯಾಗಿ ಊಟ ಮಾಡ್ತಾರಾ? ಕೆಮ್ಮು ಹೋಯ್ತಾ?" ಅಂತ ಕೇಳಿ ಫೋನ್ ಇಟ್ಟುಬಿಡ್ತಿದ್ದಳು. ಒಂದ್ಸಲ ಅಂದಳು: "ಮೇಕೆಗಳ ಮಧ್ಯೆ ಕೂತು ಬಂದ್ರೂ ಸೈ ಅಂತ ಹೇಳು. ಸುಮ್ನೆ ಬರ್ಲಿ."

ಹೇಳಿದೆ. ಕ್ವಾಕು ಕಣ್ಣು ತುಂಬಿಕೊಂಡ. ಅವಳ ದನಿ ಹೆಂಗಿತ್ತು, ನಕ್ಕಳಾ ಅಂತ ಹತ್ತು ಸಲ ಕೇಳಿದ. ಕೊನೆಗೆ, "ಬಾಗಿಲು ಸರಿಯಾದ ತಕ್ಷಣ ಹೋಗೋಣ ಅಕ್ಕ" ಅಂದ. ಕಪಾಳಕ್ಕೆ ಬಿಡಬೇಕು ಅನ್ನಿಸ್ತು ನನಗೆ.

ಅಫಿಯಾಳ ತಾಯಿಯ ವರ್ಷದ ಕಾರ್ಯ ಹತ್ತಿರ ಬಂತು. ಆವತ್ತೂ ಅಳಿಯ ಬರದಿದ್ರೆ ಮದುವೆಯಲ್ಲಿ ಅವನು ಕೊಟ್ಟ ಮದ್ಯದ ಬದಲು ಅಂಥದೇ ಬಾಟ್ಲಿ ವಾಪಸ್ ಕೊಟ್ಟು ಸಂಬಂಧ ಕಡಿದುಕೊಳ್ತೀವಿ ಅಂತ ಸೋದರಮಾವ ಬೊವಾದಿ ಹೇಳಿ ಕಳಿಸಿದ. ಆಗ ಬಿತ್ತು ನೋಡಿ ಇವನ ಕುಂಡೆಗೆ ಬೆಂಕಿ.

ಕಾರ್ಯದ ದಿನ, ಶನಿವಾರ ಬೆಳಿಗ್ಗೆ, ಅಂತೂ ಇಂತೂ ಓಡೋ ಹಾಗಾಗಿದ್ದ ವ್ಯಾನು ತೊಳೆದು, ಬಿಳಿ ಅಂಗಿ ಹಾಕಿಕೊಂಡು, ಬಾಟ್ಲಿ ಸಮೇತ ನನ್ನನ್ನ ಹತ್ತಿಸಿಕೊಂಡ. ದಾರಿ ತುಂಬ ಅಫಿಯಾ ಮಾತೇ. ಅವಳ ಕಡಲೇಕಾಯಿ ಸಾರು, ನಿದ್ದೇಲಿ ಅವಳು ಕಾಲು ಹಾಕೋದು, ಏನೇನೋ! ಎಲಾ ಇವನ ಅಂತ ನಾನೂ ನಗ್ತಿದ್ದೆ. ತೆಪಾ ಕ್ರಾಸಿನ ಹತ್ತಿರ ಗೇರ್ ಬಾಕ್ಸ್ ಕೈಕೊಟ್ಟಿತು. ಇಂಜಿನ್ ಹುಯಿಲಿಡುತ್ತೆ, ಗಾಡಿ ಮುಂದಕ್ಕೆ ಹೋಗ್ತಿಲ್ಲ.

ಕ್ವಾಕು ಸ್ಟೇರಿಂಗು ಹಿಡಕೊಂಡು ಕೂತೇ ಇದ್ದ.

"ಇಳೀತೀಯೋ ಇಲ್ವೋ?" ಅಂದೆ.

"ಬಿಟ್ಟು ಹೋದ್ರೆ ಸಂಜೆಗೆ ಒಂದು ನಟ್ಟೂ ಉಳಿಯಲ್ಲ ಅಕ್ಕ."

"ಆವತ್ತೂ ಇದನ್ನೇ ಅಂದಿದ್ದೆ, ದರಿದ್ರದವನೇ!"

ಅವನು ಬಾಟ್ಲಿ ಕಂಕುಳಲ್ಲಿಟ್ಟುಕೊಂಡು ಇಳಿದ. ಬಾಗಿಲಿಗೆ ಬೀಗ ಸಹ ಹಾಕಲಿಲ್ಲ. ಬಂದ ಮೊದಲ ಗಾಡಿಗೆ ಕೈ ಅಡ್ಡ ಹಿಡಿದು, ಹಿಂದಿನ ಸೀಟಲ್ಲಿ ಈರುಳ್ಳಿ ಮೂಟೆಗಳ ಮಧ್ಯೆ ನುಗ್ಗಿ ಕೂತ.

ಬೆಚೆಮ್‌ನಲ್ಲಿ ಹಿರಿಯರೆಲ್ಲ ಅಂಗಳದಲ್ಲಿ ಕೂತಿದ್ದರು. ಕ್ವಾಕು ಬಾಟ್ಲಿ ಮುಂದಿಟ್ಟು ನೆಲಕ್ಕೆ ಕೈ ಮುಟ್ಟಿಸಿ ಕ್ಷಮೆ ಕೇಳಿದ.

"ನಿಂದೊಂದು ಗಾಡಿ ಇತ್ತಲ್ಲಪ್ಪ ಅಳಿಯ, ಎಲ್ಲಿ?" ಅಂದ ಬೊವಾದಿ.

"ಕೆಟ್ಟು ನಿಂತಿದೆ ಮಾವ. ತೆಪಾ ಕ್ರಾಸಲ್ಲಿ ಬಿಟ್ಟು ಬಂದೆ."

ಅಂಗಳಕ್ಕೆ ಅಂಗಳವೇ ನಕ್ಕಿತು. ಅಫಿಯಾ ನಗಲಿಲ್ಲ. "ಕಾವಲಿಗೆ ಯಾರನ್ನ ಬಿಟ್ರಿ?" ಅಂತ ಮೆಲ್ಲಗೆ ಕೇಳಿದಳು.

"ಯಾರನ್ನೂ ಇಲ್ಲ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗೆದ್ದೆವು ಅಂದುಕೊಂಡೆ ನಾನು. ಎಂಥಾ ಹುಚ್ಚಿ ನಾನು.

ಪದ್ಧತಿಯಂತೆ ಬೊವಾದಿ ಕೇಳಿದ: "ಹೇಳು ತಾಯಿ, ಇವನ ಬಾಟ್ಲಿ ತಗೊಳೋದೋ, ನಮ್ಮದನ್ನ ಕೊಟ್ಟು ಕಳಿಸೋದೋ?"

"ಇಷ್ಟು ದಿನ ಯಾವ ಗಾಡಿ ಸದ್ದಾದ್ರೂ ಬಾಗಿಲಿಗೆ ಓಡ್ತಿದ್ದೆ ಮಾವ" ಅಂದಳು ಅಫಿಯಾ. "ಮೊನ್ನೆ ಒಂದು ಗಾಡಿ ನಮ್ಮ ಮನೆ ಮುಂದೇನೇ ನಿಲ್ತು. ನಾನು ಸಾರು ಕಲಕ್ತಾ ಕೂತೇ ಇದ್ದೆ, ಏಳ್ಲೇ ಇಲ್ಲ. ಆಮೇಲೆ ಎಷ್ಟು ಅತ್ತೆ ಗೊತ್ತಾ? ಆದ್ರೂ ಎದ್ದಿರ್ಲಿಲ್ಲವಲ್ಲ. ಕೊಟ್ಟು ಕಳಿಸಿಬಿಡಿ."

ಕ್ವಾಕು ಅವರು ಕೊಟ್ಟ ಬಾಟ್ಲಿನ ಎರಡೂ ಕೈಯಲ್ಲಿ ತಗೊಂಡ.

ನಮ್ಮನ್ನ ಕಳಿಸೋಕೆ ರಸ್ತೆಯವರೆಗೆ ಅಫಿಯಾನೇ ಬಂದಳು. ಬರೋ ಅಗತ್ಯ ಇರಲಿಲ್ಲ. ಕುಮಾಸಿ ಕಡೆಯ ಗಾಡಿಗೆ ಅವಳೇ ಕೈ ಅಡ್ಡ ಹಿಡಿದು, ಡ್ರೈವರಿನ ಕಿಟಕಿ ಹತ್ತಿರ ಹೋಗಿ ಹೇಳಿದಳು: "ಅಣ್ಣ, ಇವರಿಗೆ ಮುಂದಿನ ಸೀಟು ಕೊಡಿ. ಇವರೂ ಡ್ರೈವರೇ. ಹಿಂದೆ ಕೂತ್ರೆ ರಸ್ತೆ ಕಾಣ್ದೆ ಒದ್ದಾಡ್ತಾರೆ."