ಸುಟ್ಟ ಹರಿಗೋಲಿನ ಹೆಪ್ಪು

ಕಬಿನಿ ಹಿನ್ನೀರಿನ ಮೇಲೆ ಮಂಜು ಇನ್ನೂ ಕರಗಿಲ್ಲ. ಮಲ್ಲಾಜಮ್ಮ ಆಗಲೇ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಿದಿರಿನ ದಬ್ಬೆಗಳನ್ನು ಒಂದರ ಮೇಲೊಂದು ದಾಟಿಸುತ್ತಿದ್ದಾರೆ. ನಡುವೆ ಗುಂಡುಕಲ್ಲು ಹೇರಿ ಅಂಚು ಬಗ್ಗಿಸಿದರೆ ಹರಿಗೋಲು ಬಾಯಿ ತೆರೆಯುತ್ತದೆ. ಇವತ್ತಿನದರ ತಳದಲ್ಲಿ ಮಾತ್ರ ಒಂದು ದಬ್ಬೆಯ ಜಾಗ ಖಾಲಿ ಬಿಟ್ಟಿದ್ದಾರೆ. ಅಂತರಸಂತೆಯ ಆಚೆ ಈ ದಡದಲ್ಲಿ ಮೀನು ಹಿಡಿಯುವವರಿಗೆಲ್ಲ ಹರಿಗೋಲು ಹೋಗುವುದು ಈ ಒಂದು ಅಂಗಳದಿಂದ. ಆದರೂ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ನಿಂತು, ದೋಣಿ ಕಟ್ಟುವ ಮಲ್ಲಾಜಮ್ಮನ ಮನೆ ಎಲ್ಲಿ ಎಂದು ಕೇಳಿದರೆ, "ಬುಟ್ಟಿ ಹೆಣೆಯೋಳಾ?" ಎನ್ನುತ್ತಾರೆ.

ಕಸುಬು ಮಾವ ಬೀರಯ್ಯನವರದು. ಹೊಳೆ ದಾಟಿಸುವ ಹರಿಗೋಲು ಕಟ್ಟುತ್ತಿದ್ದರು; ಆಗ ಹೊದಿಕೆ ತೊಗಲಿನದು. ಅಣೆಕಟ್ಟೆ ಎದ್ದು ಊರು ಮುಳುಗಿದಾಗ ಮಚ್ಚು, ಉಳಿ ಹೊತ್ತು ದಿಬ್ಬ ಹತ್ತಿದರು. ನೀರು ನಿಂತಲ್ಲಿ ಮೀನಾಯಿತು, ಮೀನಿಗೆ ಹರಿಗೋಲು ಬೇಕಾಯಿತು. ತೊಗಲು ಹೋಗಿ ಗೊಬ್ಬರದ ಚೀಲ, ಡಾಂಬರು ಬಂದವು. ಅವರ ಮಗ, ಮಲ್ಲಾಜಮ್ಮನ ಗಂಡ ಸಣ್ಣಯ್ಯನಿಗೆ ಬಿದಿರು ಸೀಳುವುದಷ್ಟೇ ಒಗ್ಗಿತು. ಹೆಣಿಗೆ ಸೊಸೆಯ ಕೈಗೆ ಬಂತು.

ಒಂದು ಕಟ್ಟಳೆ ಮಾತ್ರ ಬದಲಾಗಿಲ್ಲ. ಹೊಸದು ಬೇಕೆಂದವರು ಹಳೆಯದನ್ನು ಹೊತ್ತು ತರಬೇಕು. ಅದರ ತಳದಿಂದ ಗಟ್ಟಿಯಾದ ಒಂದು ದಬ್ಬೆ ಬಿಡಿಸಿ ಹೊಸದರ ತಳಕ್ಕೆ ಸೇರಿಸುತ್ತಾರೆ, ಹಾಲಿಗೆ ನೆನ್ನೆಯ ಮಜ್ಜಿಗೆ ಬಿಡುವ ಹಾಗೆ. ಕರೆಯುವುದೂ ಹೆಪ್ಪು ಎಂದೇ.

"ನಮ್ಮಾವ ಕಟ್ಟಿದ್ದು ಇದ್ರಾಗೆ ಇನ್ನೂ ಒಸಿ ಅದೆ ಕಣ್ರೀ. ಹೆಪ್ಪಿಲ್ದೆ ನಾನು ನೀರಿಗೆ ಬುಡಾಕಿಲ್ಲ" ಎನ್ನುತ್ತಾರೆ ಮಲ್ಲಾಜಮ್ಮ.

ಆ ಹೆಪ್ಪಿಗೇ ಈಗ ಕೊಳ್ಳಿ ಬಿದ್ದಿದೆ. ಮೀನುಗಾರರು ಮೀನನ್ನು ತಮಗೆ ಕೊಡದೆ ಕೋಟೆ ಪಟ್ಟಣದ ಸಂತೆಗೆ ಒಯ್ದರೆಂದು, ಹಿನ್ನೀರಿನ ಮೀನು ಗುತ್ತಿಗೆ ಹಿಡಿದವನ ಆಳುಗಳು ಕಳೆದ ವಾರ ಹಾಡಹಗಲೇ ಬಂದು ದಡದಲ್ಲಿ ಕವುಚಿಟ್ಟಿದ್ದ ಹರಿಗೋಲುಗಳನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಇಟ್ಟರು. ಹೊಸ ಶತಮಾನ ಬಂತೆಂದು ಮೊನ್ನೆ ಮೊನ್ನೆ ಪಟಾಕಿ ಹೊಡೆದ ನಾಡಿನಲ್ಲಿ ಹೇಳುವವರು ಕೇಳುವವರು ಇಲ್ಲ. ಠಾಣೆಗೆ ಹೋದ ಮಲ್ಲಾಜಮ್ಮನಿಗೆ ಸಿಕ್ಕ ಉತ್ತರ: "ಬುಟ್ಟಿ ತಾನೇ? ಇನ್ನೊಂದು ಹೆಣ್ಕೊ, ಹೋಗಮ್ಮ." ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ. ಆ ಬುಟ್ಟಿಯಲ್ಲಿ ಕೂತು ಹಿಡಿದ ಮೀನು ಎಲ್ಲರಿಗೂ ಬೇಕು. ಬುಟ್ಟಿ ಉರಿದರೆ ಯಾರ ಹೊಟ್ಟೆಯೂ ಉರಿಯುವುದಿಲ್ಲ.

"ಬಿದಿರು ಅದೆ, ಡಾಂಬರು ಅದೆ. ಹೆಪ್ಪೆಲ್ಲಿಂದ ತರನ?" ಮಲ್ಲಾಜಮ್ಮ ಸಿಟ್ಟಿನಿಂದ ಇನ್ನೊಂದು ದಬ್ಬೆ ಎಳೆದು ಬಿಗಿಯುತ್ತಾರೆ.

ಬಿಸಿಲು ಬೀಳುವ ಹೊತ್ತಿಗೆ ಮೀನುಗಾರ ಮಂಟಯ್ಯ ಬರುತ್ತಾರೆ. ಈ ಹೊಸ ಹರಿಗೋಲು ಅವರದೇ. ಬೂದಿ ಕೆದಕಿದಾಗ ಸಿಕ್ಕ, ತಮ್ಮ ಹಳೆಯ ಹರಿಗೋಲಿನ ಅರೆಬೆಂದ ತುಂಡೊಂದನ್ನು ತಂದು ಇಳಿಸುತ್ತಾರೆ. "ಇದ್ರಾಗೆ ಏನಾರ ಸಿಕ್ಕೀತಾ ನೋಡಕ್ಕ."

ಮಲ್ಲಾಜಮ್ಮ ಒಂದೊಂದೇ ದಬ್ಬೆ ಎಳೆದು ಬಗ್ಗಿಸುತ್ತಾರೆ. ಮುಟ್ಟಿದ್ದೆಲ್ಲ ಇದ್ದಿಲಾಗಿ ಉದುರುತ್ತದೆ. ಕೊನೆಗೆ ಒಂದು ಮುರಿಯುವುದಿಲ್ಲ. ಮೈ ಕಪ್ಪಗಾಗಿದೆ, ಆದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಸಣ್ಣಯ್ಯ ಕೂಡ ಮಚ್ಚು ಕೆಳಗಿಟ್ಟು ನೋಡುತ್ತಾರೆ.

ಮಲ್ಲಾಜಮ್ಮ ತಳದಲ್ಲಿ ಬಿಟ್ಟ ಜಾಗಕ್ಕೆ ಹಸಿ ದಬ್ಬೆ ತೂರಿಸಿ, ಸುಟ್ಟದ್ದನ್ನು ಮೇಲಿನ ಅಂಚಿಗೆ ಹೆಣೆಯತೊಡಗುತ್ತಾರೆ.

"ಅಕ್ಕಾ, ಅಲ್ಲಿ ಎಲ್ರಿಗೂ ಕಾಣ್ತದೆ! ಆ ಆಳ್ಗಳು ಕಂಡ್ರೆ ಮತ್ತೆ ರೇಗ್ತಾರೆ" ಎಂದು ಮಂಟಯ್ಯ ಗಾಬರಿಯಾಗುತ್ತಾರೆ.

"ಕಾಣ್ಲಿ ಬುಡಪ್ಪ." ಗಂಟು ಬಿಗಿದು ಮಲ್ಲಾಜಮ್ಮ ತಲೆ ಎತ್ತುತ್ತಾರೆ. "ಬುಟ್ಟಿಗೆ ಯಾರಾನ ಬೆಂಕಿ ಇಕ್ತಾರಾ? ದೋಣಿ ಅಂತ ಅವರ್ಗೂ ಗೊತ್ತದೆ."