ಎರಡು ಕಲ್ಲಿನ ಹೂವು

ಪಿರಿಯಾಪಟ್ಟಣದ ಒಂದು ಖಾಸಗಿ ಲ್ಯಾಬಿನಲ್ಲಿ ನಾನು ಎಕ್ಸ್‌ರೇ ತೆಗೆಯುವವಳು. ಮನೆ ಹುಣಸೂರಿನಲ್ಲಿ. ದಿನವೂ ಸ್ಕೂಟರಿನಲ್ಲಿ ಕಂಪಲಾಪುರದ ಮೇಲೆ ಹೋಗಿ ಬರುತ್ತೇನೆ. ನನ್ನ ಕೆಲಸದಲ್ಲಿ ಎಲ್ಲವೂ ಸ್ಪಷ್ಟವಾಗಿರಬೇಕು. ರೋಗಿ ಸ್ವಲ್ಪ ಅಲುಗಿದರೂ ಚಿತ್ರ ಮಬ್ಬಾಗಿ ಮತ್ತೆ ತೆಗೆಯಬೇಕಾಗುತ್ತದೆ. ಅದಕ್ಕೇ ಇರಬೇಕು, ಯಾರೋ ಬಳಸಿ ಬಿಟ್ಟ ಕ್ಯಾಮೆರಾವೊಂದನ್ನು ಕೊಂಡಾಗ ನನಗೆ ಹಿಡಿಸಿದ್ದು ಮಬ್ಬು ಚಿತ್ರ. ಪೂರ್ತಿ ಮಬ್ಬಲ್ಲ. ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಒಂದೇ ಹೂವನ್ನು ಎರಡು ಸಲ ತೆಗೆಯುತ್ತೇನೆ. ಮೊದಲನೆಯದರಲ್ಲಿ ಎಸಳಿನ ನರ ಕೂಡ ಕಾಣಬೇಕು. ಎರಡನೆಯದಕ್ಕೆ ಬೇಕೆಂದೇ ಫೋಕಸ್ ಕೆಡಿಸುತ್ತೇನೆ. ಹೂವು ಹಾಲಿಗೆ ಬಿದ್ದ ಕುಂಕುಮದಂತೆ ಹರಡಿಕೊಳ್ಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿದರೆ ಗೆರೆಯೂ ಉಳಿಯುತ್ತದೆ, ಸುತ್ತ ಬೆಳಕೂ ಕವಿಯುತ್ತದೆ.

ಮಳೆಗಾಲದ ಒಂದು ಬೆಳಿಗ್ಗೆ ಕಂಪಲಾಪುರ ದಾಟಿದ ಮೇಲೆ ರಸ್ತೆ ಬದಿಯ ಹೊಲದಲ್ಲಿ ಹೊಗೆಸೊಪ್ಪಿನ ಹೂವು ಕಂಡಿತು. ಅದನ್ನು ಯಾರೂ ಗಿಡದಲ್ಲಿ ಉಳಿಸುವುದಿಲ್ಲ. ಎಲೆ ದಪ್ಪವಾಗಲೆಂದು ಕುಡಿಯನ್ನೇ ಮುರಿದು ಹಾಕುತ್ತಾರೆ. ಈ ಹೊಲದ ಬದುವಿನ ಪಕ್ಕ ಒಂದೇ ಒಂದು ಗಿಡ ತಿಳಿಗುಲಾಬಿ ಗೊಂಚಲು ಹೊತ್ತು ನಿಂತಿತ್ತು. ಹಿಂದೆ ಬದುವಿನ ಮೇಲೆ ಒಂದು ಕಲ್ಲು. ಸ್ಟ್ಯಾಂಡ್ ನಿಲ್ಲಿಸಿ ಎರಡು ಚಿತ್ರ ತೆಗೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ದನಿ ಬಂತು.

"ಯಾರ್ ಕಳ್ಸಿದ್ದು ನಿಮ್ಮನ್ನ?"

ಅರವತ್ತರ ಆಸುಪಾಸಿನ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಡುಗೋಲು ಹಿಡಿದಿದ್ದಳು. ಹೊಲ ಅವಳದೇ.

"ಯಾರೂ ಕಳ್ಸಿಲ್ಲಮ್ಮ. ಹೂವು ಚೆನ್ನಾಗಿತ್ತು, ಫೋಟೋ ತೆಗೀತಿದ್ದೆ."

"ಒಗೆಸೊಪ್ಪಿನ ಊವ ಯಾರ್ ತೆಗೀತಾರೆ? ಸರ್ವೇನೋರಾ ನೀವು?"

ಅಲ್ಲವೆಂದು ಕ್ಯಾಮೆರಾದ ಪರದೆಯಲ್ಲಿ ಎರಡನ್ನೂ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಇದು ಸರಿಯಾಗ್ ಬಂದದೆ. ಇನ್ನೊಂದು ಕೆಟ್ಟೋಗದೆ. ಕೆಟ್ಟೋದ್ದ ಯಾಕ್ ಮಡಿಕ್ಕಂಡಿದ್ದೀರಿ?"

"ಎರಡನ್ನೂ ಸೇರಿಸ್ತೀನಿ. ಕನಸಲ್ಲಿ ಕಂಡ ಹಾಗೆ ಕಾಣುತ್ತೆ."

"ಕನಸ್ಗೆ ನಮ್ ಜಮೀನೇ ಬೇಕಿತ್ತಾ?"

ನಾನು ಸಾಮಾನು ಕಟ್ಟಿಕೊಳ್ಳುವವರೆಗೂ ಅವಳು ಆ ಕಲ್ಲಿನ ಮುಂದೆ ಹೋಗಿ ನಿಂತೇ ಇದ್ದಳು. ಹೂವಿನ ಮುಂದೆ ಅಲ್ಲ, ಕಲ್ಲಿನ ಮುಂದೆ. ಇದೇನು ಕಾಯುತ್ತಿದ್ದಾಳೆ ಎಂದು ಸ್ಕೂಟರ್ ಹತ್ತುವಾಗ ಅನ್ನಿಸಿತು.

ಭಾನುವಾರ ಕೂತು ಚಿತ್ರಗಳನ್ನು ಸೇರಿಸಿದೆ. ಮೊದಲ ಚಿತ್ರಕ್ಕೂ ಎರಡನೆಯದಕ್ಕೂ ನಡುವೆ ಸ್ಟ್ಯಾಂಡಿನ ಒಂದು ಕಾಲು ಹಸಿ ಮಣ್ಣಿಗೆ ಇಳಿದಿತ್ತೆಂದು ಆಗ ಗೊತ್ತಾಯಿತು. ಹೂವಿಗೆ ಹೂವನ್ನು ಹೊಂದಿಸಿದೆ; ಅಂಚಿನಲ್ಲಿದ್ದ ಕಲ್ಲು ಹೊಂದಲಿಲ್ಲ. ಗಟ್ಟಿಯಾದ ಒಂದು ಕಲ್ಲು, ಅದರ ಪಕ್ಕದಲ್ಲಿ ಬೆಳ್ಳಗೆ ಮಬ್ಬಾಗಿ ಇನ್ನೊಂದು. ಹೂವು ಮಾತ್ರ ನಾನು ಬಯಸಿದಂತೆಯೇ ಬಂದಿತ್ತು. ಕಲ್ಲನ್ನು ಯಾರು ನೋಡುತ್ತಾರೆಂದು "ಕಂಪಲಾಪುರದ ಬೆಳಗು" ಅಂತ ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಲ್ಯಾಬಿನವರು ಕೇಳಿ ತೆಗೆದುಕೊಂಡು ತಮ್ಮವರಿಗೆಲ್ಲ ಕಳಿಸಿದರು.

ಕೆಲವು ದಿನ ಕಳೆದು ಒಬ್ಬ ಗಂಡಸು ಭುಜದ ಎಕ್ಸ್‌ರೇಗೆಂದು ಡಾಕ್ಟರ ಚೀಟಿ ಹಿಡಿದು ಬಂದ. ಕೈ ಎತ್ತಲು ಹೇಳಿದಾಗ ಮುಖ ಕಿವುಚಿದ. ಫಿಲ್ಮು ಸಿದ್ಧವಾಗುವ ತನಕ ಕೂತಿದ್ದು, ಆಮೇಲೆ ಮೊಬೈಲ್ ನನ್ನ ಮುಂದೆ ಹಿಡಿದ.

"ಮೇಡಂ, ಇದು ನೀವ್ ತೆಗ್ದಿದ್ದಂತಲ್ಲ?"

ನನ್ನದೇ ಹೂವು. ಆದರೆ ಅವನು ಹೂವನ್ನು ಪರದೆಯಾಚೆಗೆ ಸರಿಸಿ ಕಲ್ಲನ್ನು ದೊಡ್ಡದು ಮಾಡಿದ್ದ.

"ಪಕ್ಕದ ಒಲ ನಂದು. ಆಯಮ್ಮ ನಮ್ಮತ್ತಿಗೆ, ನಮ್ಮಣ್ಣ ತೀರೋಗವ್ನೆ. ಮೊದ್ಲು ಎಲ್ಲೆ ಕಲ್ಲು ಇಲ್ಲಿತ್ತು. ಕಿತ್ತು ಅಲ್ಲಿಗೆ, ನನ್ ಒಲದೊಳೀಕೆ ನೆಟ್ಟವ್ಳೆ. ನಿಮ್ ಫೋಟೋಲಿ ಎರಡು ಜಾಗಾನೂ ಬಂದದೆ. ಊರ ಯಜಮಾನ್ರ ಮುಂದೆ ಒಂದ್ ಮಾತ್ ಏಳ್ಬುಡಿ ಸಾಕು."

ಎರಡು ಚಿತ್ರ ಸೇರಿದ್ದರಿಂದ ಹಾಗೆ ಕಾಣುತ್ತದೆಂದು ವಿವರಿಸಿದೆ. ಅವನು ನಕ್ಕ.

"ಯಂತ್ರ ಸುಳ್ಳೇಳ್ತದಾ ಮೇಡಂ? ಮನುಷ್ರು ಏಳ್ತಾರೆ."

ಹೋಗುವಾಗ ಬ್ಯಾಗನ್ನು ಅದೇ ಭುಜಕ್ಕೆ ಬೀಸಿ ಹಾಕಿಕೊಂಡ. ಅವನು ಬಂದದ್ದು ಭುಜಕ್ಕಾಗಿಯೋ ಫೋಟೋಗಾಗಿಯೋ ಎಂದು ನಾನು ಬಾಗಿಲಲ್ಲೇ ನಿಂತೆ.

ಮನೆಗೆ ಬಂದು ಸ್ಪಷ್ಟವಾದ ಚಿತ್ರವೊಂದನ್ನೇ ತೆರೆದು ಕಲ್ಲನ್ನು ಹಿಗ್ಗಿಸಿದೆ. ಕಲ್ಲೇನೋ ಒಂದೇ. ಆದರೆ ಅದರ ಬುಡದಲ್ಲಿ ಸುತ್ತಲಿನ ಹುಲ್ಲಿನ ನಡುವೆ ಕೆಂಪು ಮಣ್ಣು ಹಸಿಯಾಗಿ ಗುಡ್ಡೆಯಾಗಿತ್ತು. ಯಾರೋ ಅಗೆದಿದ್ದರು, ಅದೂ ಇತ್ತೀಚೆಗೆ. ಕುಡುಗೋಲು ಹಿಡಿದು ಕಲ್ಲಿಗೆ ಅಡ್ಡ ನಿಂತಿದ್ದ ಅವಳ ನೆನಪಾಯಿತು. ಅವನ ಮೇಲಿದ್ದ ಅನುಮಾನ ಅವಳ ಕಡೆ ತಿರುಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಅವನ ಕಡೆಗೆ. ಸ್ಟೇಟಸ್ಸಿನ ಚಿತ್ರ ಎಂದೋ ಮಾಯವಾಗಿತ್ತು, ಆದರೆ ಅದು ಊರೆಲ್ಲ ಓಡಾಡುತ್ತಿತ್ತು. ಅಷ್ಟರಲ್ಲಿ ಊರಿನ ಯಜಮಾನರೊಬ್ಬರು ಫೋನ್ ಮಾಡಿ, ಬಂದು ನೀವೇ ಒಂದು ಮಾತು ಹೇಳಿ ಹೋಗಿ ಎಂದರು. ಹೋಗದಿದ್ದರೆ ನನ್ನ ಮಬ್ಬು ಹೂವೇ ಸಾಕ್ಷಿ ಹೇಳಿಬಿಡುತ್ತದೆ ಅನ್ನಿಸಿತು.

ಲ್ಯಾಬಿನ ಮಾಲೀಕರನ್ನು ಕೇಳಿ ಎರಡೂ ಚಿತ್ರಗಳನ್ನು ಬೇರೆಬೇರೆಯಾಗಿ ಎಕ್ಸ್‌ರೇ ಫಿಲ್ಮಿನ ಮೇಲೆ ಮುದ್ರಿಸಿಕೊಂಡೆ. ಊರಿನ ಹಾಲಿನ ಡೇರಿಯ ಜಗಲಿಯಲ್ಲಿ ಜನ ಸೇರಿದ್ದರು. ಆ ಹೆಂಗಸು ಕಂಬಕ್ಕೆ ಒರಗಿ ನಿಂತಿದ್ದಳು. ಭುಜದ ಎಕ್ಸ್‌ರೇ ತೆಗೆಸಿದ್ದ ಅವಳ ಮೈದುನ ಎದುರಿಗಿದ್ದ.

"ಈಯಮ್ಮ ಅವನ ಕಡೆಯೋಳು ಅಂತ ಆವತ್ತೇ ಗೊತ್ತಾಯ್ತು ನಂಗೆ," ಎಂದಳು, ನನ್ನನ್ನು ನೋಡದೆ.

ನಾನು ಎರಡು ಫಿಲ್ಮುಗಳನ್ನೂ ಬೆಳಕಿಗೆ ಹಿಡಿದು ಒಂದರ ಮೇಲೊಂದು ಇಟ್ಟೆ. ಹೂವು ಹೂವಿನ ಮೇಲೆ ಕೂತಿತು, ಕಲ್ಲು ಎರಡಾಯಿತು. ಬೇರೆ ಮಾಡಿದೆ, ಒಂದಾಯಿತು. ಯಜಮಾನರು ತಾವೇ ಇಸಿದುಕೊಂಡು ಹಾಗೂ ಹೀಗೂ ಜರುಗಿಸಿದರು. ಯಾರೋ ನಕ್ಕರು. ಮೈದುನ ಮುಖ ಬಿಗಿದುಕೊಂಡ. ಮುಗಿಯಿತೆಂದುಕೊಂಡೆ. ಆದರೆ ಯಜಮಾನರು ಮಬ್ಬಾದದ್ದನ್ನು ಪಕ್ಕಕ್ಕಿಟ್ಟು, ಸ್ಪಷ್ಟವಾದದ್ದನ್ನೇ ಮತ್ತೆ ಎತ್ತಿ ಹಿಡಿದರು.

"ಬುಡದಾಗೆ ಒಸಾ ಮಣ್ಣು ಅದಲ್ಲ, ಇದ್ಯಾಕವ್ವ?"

ಎಲ್ಲರೂ ಅವಳ ಕಡೆ ತಿರುಗಿದರು. ನಾನು ಕಾಪಾಡಲೆಂದು ತಂದ ಫಿಲ್ಮು ಅವಳನ್ನೇ ಹಿಡಿದುಕೊಟ್ಟಿತ್ತು.

"ಅಂದಿ ಕೆದರಿದ್ವು," ಎಂದಳು. "ಕಲ್ಲು ಮಕಾಡೆ ಬಿದ್ದಿತ್ತು. ಅದೇ ಗುಂಡಿಗೆ ಎತ್ತಿ ನಿಲ್ಸ್‌ದೆ. ಏಳಿದ್ರೆ ಇವ್ನು ನಂಬ್ತಿದ್ನಾ?"

"ಒಬ್ಳೇ ಎತ್ತುದ್ಲಂತೆ," ಎಂದ ಮೈದುನ.

"ಗಂಡ ಸತ್ತಾಗಿಂದ ಎಲ್ಲಾನೂ ಒಬ್ಳೇ ಎತ್ತಿರದು."

ಕೊನೆಗೆ ಅಳತೆ ಮಾಡಿಸಿಬಿಡಿ ಎಂದು ಯಜಮಾನರು ಎದ್ದರು.

ಸರ್ವೇಯರ್ ಬಂದು ಅಳೆಯುವ ಹೊತ್ತಿಗೆ ಸೊಪ್ಪು ಬಿಡಿಸಿ ಗೂಡಿನ ಕಾವಿನಲ್ಲಿ ಬೇಯಿಸಿ ಒಣಗಿಸುವ ಕೆಲಸವೂ ಮುಗಿದಿತ್ತು. ಕಲ್ಲು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಆದರೆ ಅದು ಜರುಗಿದ್ದು ಅವಳ ಹೊಲದ ಒಳಕ್ಕೆ, ಒಂದು ಗೇಣಿನಷ್ಟು. ಅವಳೇ ಕದ್ದಿದ್ದರೆ ತನ್ನದನ್ನೇ ಕದ್ದಂತೆ. ಮೈದುನ ಎರಡನೇ ಸಲ ಅಳೆಸಿದ, ಅದೇ ಬಂತು. ಸರಿಯಾದ ಜಾಗದಲ್ಲಿ ಹೊಸ ಕಲ್ಲು ನೆಟ್ಟು ಸಿಮೆಂಟು ಹಾಕಿದರು. ಅವನೇ ಮೊದಲು ಜರುಗಿಸಿದ್ದ ಎಂದು ಕೆಲವರು, ಹಂದಿಗೆ ಗೇಣಿನ ಲೆಕ್ಕ ಗೊತ್ತಾ ಎಂದು ಕೆಲವರು. ನನಗೆ ಇವತ್ತಿಗೂ ತಿಳಿಯದು. ಅವನು ರಸ್ತೆಯಲ್ಲಿ ಸಿಕ್ಕರೆ ಬೇರೆ ಕಡೆ ನೋಡುತ್ತಾನೆ, ನಾನೂ ಅಷ್ಟೇ.

ಆಮೇಲೊಂದು ದಿನ ಹೂವಿನ ಚಿತ್ರವನ್ನು ಕಲ್ಲು ಕಾಣದಂತೆ ಕತ್ತರಿಸಿ, ದೊಡ್ಡದಾಗಿ ಮುದ್ರಿಸಿ ಅವಳ ಮನೆಗೆ ಒಯ್ದೆ. ಅವಳು ಬಾಗಿಲಲ್ಲೇ ನಿಂತು ನೋಡಿದಳು.

"ಚೆಂದಾಗದೆ. ಆದ್ರೆ ಬ್ಯಾಡ ಕಣವ್ವ. ಗೋಡೇಲಿದ್ರೆ ಬಂದೋರೆಲ್ಲ ಅದ್ರಾಗೆ ಕಲ್ಲು ಉಡುಕ್ತಾರೆ." ಚಿತ್ರವನ್ನು ನನ್ನ ಕಡೆಗೇ ಸರಿಸಿ ಕೇಳಿದಳು, "ನಿಜ ಏಳಿ, ಅವ್ನು ನಿಮ್ಗೆ ಎಂಗ್ ಪರಿಚಯ?"

"ಪರಿಚಯ ಇಲ್ಲಮ್ಮ. ಎಕ್ಸ್‌ರೇಗೆ ಬಂದಿದ್ರು ಅಷ್ಟೆ."

"ಏನಾಗಿತ್ತು ಅವ್ನಿಗೆ?"

"ಅದನ್ನ ಹೇಳೋ ಹಾಗಿಲ್ಲ. ಯಾರದ್ದನ್ನೂ ಹೇಳಲ್ಲ ನಾವು."

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಸುಳ್ಳೋ ನಿಜವೋ ಎಂದು ತೂಗುತ್ತಿದ್ದಳು ಅಂತ ಕಾಣುತ್ತದೆ.

"ಅಂಗಾರೆ ನಂದೂ ಯಾರ್ಗೂ ಏಳಕಿಲ್ಲ ನೀವು," ಎಂದಳು. ಬಾಗಿಲಿಂದ ಪಕ್ಕಕ್ಕೆ ಸರಿದು, "ಬನ್ನಿ ಒಳೀಕೆ, ಟೀ ಕಾಯ್ಸ್ತೀನಿ" ಎಂದು ಒಲೆಯ ಕಡೆ ನಡೆದಳು.